ಲೆಕ್ಕಕ್ಕೆ ಸಿಗದ ಒಂದು ಓಮ್

ಮುಧೋಳದ ಸುತ್ತಮುತ್ತ ನಾನು ವೈರಿಂಗ್ ಕೆಲಸ ಮಾಡುತ್ತೇನೆ. ಹೋದ ಚಳಿಗಾಲದಲ್ಲಿ ಕಬ್ಬಿನ ಹೊಲದ ನಡುವಿನ ಒಂದು ತೋಟದ ಮನೆಯಿಂದ ಕರೆ ಬಂತು. "ತಮ್ಮಾ, ರಾಡ್ ಹೊಸಾದ ಐತಿ. ಆದರೂ ನೀರ ಲಗೂನ ಕಾಯವಲ್ದು. ಅಂಗಡಿಯಾಂವ ಡೂಪ್ಲಿಕೇಟ್ ಕೊಟ್ಟಾನೇನ ನೋಡು" ಅಂದರು ಕಾಕಾ.

ಮೊದಲು ರಾಡನ್ನೇ ನೋಡಿದೆ. ಅದರ ಮೇಲೆ 230 ವೋಲ್ಟ್, 1500 ವ್ಯಾಟ್ ಅಂತ ಬರೆದಿತ್ತು. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ವ್ಯಾಟಿನಿಂದ ಭಾಗಿಸಿದರೆ ರಾಡಿನ ರೆಸಿಸ್ಟೆನ್ಸ್, ಅಂದರೆ ಅದು ಕರೆಂಟಿಗೆ ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ ಸಿಗುತ್ತದೆ. 230 ಗುಣಿಸು 230, ಅಂದರೆ 52,900. ಅದನ್ನು 1500ರಿಂದ ಭಾಗಿಸಿದರೆ ಸುಮಾರು 35.3 ಓಮ್. ಪ್ಲಗ್ ಕಿತ್ತು, ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಪ್ಲಗ್ಗಿನ ಎರಡು ಪಿನ್‌ಗೆ ಹಿಡಿದೆ. 35 ತೋರಿಸಿತು. ರಾಡ್ ಚೆನ್ನಾಗಿಯೇ ಇತ್ತು. ಅಂಗಡಿಯವರ ತಪ್ಪಿಲ್ಲ ಅಂತ ಕಾಕಾಗೆ ಆಗಲೇ ಹೇಳಿಬಿಟ್ಟೆ.

ಹೀಗೆ ತಣ್ಣಗಿರುವಾಗ ಅಳೆಯುವುದು ರಾಡಿಗೆ ನಡೆಯುತ್ತದೆ. ಒಳಗಿನ ನೈಕ್ರೋಮ್ ತಂತಿ ಕಾದರೂ ಅದರ ರೆಸಿಸ್ಟೆನ್ಸ್ ಹೆಚ್ಚೇನೂ ಬದಲಾಗುವುದಿಲ್ಲ. ಹಳೇ ಕಾಲದ ತಂತಿ ಬಲ್ಬಿಗೆ ಇದು ನಡೆಯಲ್ಲ. 60 ವ್ಯಾಟಿನ ಬಲ್ಬ್ ಉರಿಯುವಾಗ 880 ಓಮ್ ಆಸುಪಾಸು ಇರುತ್ತದೆ, ತಣ್ಣಗಿದ್ದಾಗ ಅದರ ಹತ್ತನೇ ಒಂದು ಭಾಗವೂ ಇರುವುದು ಕಷ್ಟ.

ಇನ್ನು ಕರೆಂಟ್ ಹರಿಯುವಾಗ ಅಳೆಯಬೇಕು. ಅದಕ್ಕೆ ನನ್ನ ಚೀಲದಲ್ಲಿ ಒಂದು ಸಣ್ಣ ಎಕ್ಸ್‌ಟೆನ್ಷನ್ ಬೋರ್ಡ್ ಇದೆ. ಅದರ ಕೇಬಲ್ಲಿನ ಮೇಲ್ಪದರ ಬಿಡಿಸಿ, ಫೇಸ್ ವೈರನ್ನು ಮಾತ್ರ ಒಂದು ಕುಣಿಕೆಯ ಹಾಗೆ ಹೊರಗೆ ತಂದಿದ್ದೇನೆ. ಆ ವೈರಿನ ಸ್ವಂತ ಇನ್ಸುಲೇಷನ್ ಹಾಗೇ ಇದೆ. ಕ್ಲ್ಯಾಂಪ್ ಮೀಟರನ್ನು, ಅಂದರೆ ವೈರ್ ಕತ್ತರಿಸದೆ ಅದರ ಸುತ್ತ ಹಿಡಿದು ಆಂಪ್ ಅಳೆಯುವ ಮೀಟರನ್ನು, ಆ ಒಂದೇ ವೈರಿಗೆ ಹಾಕಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಹೋಗುವ ಕರೆಂಟು ಬರುವ ಕರೆಂಟಿಗೆ ವಜಾ ಆಗಿ ಸೊನ್ನೆ ತೋರಿಸುತ್ತದೆ. ಹೊಸ ಹುಡುಗರು ಮೀಟರ್ ಕೆಟ್ಟಿದೆ ಅಂದುಕೊಳ್ಳುವುದು ಇಲ್ಲೇ.

ರಾಡನ್ನು ಬಕೆಟ್ಟಿನ ನೀರಿನಲ್ಲಿಟ್ಟು ಸ್ವಿಚ್ ಹಾಕಿದೆ. ಬಚ್ಚಲಮನೆಯಲ್ಲಿ 191 ವೋಲ್ಟ್, 5.4 ಆಂಪ್. ಭಾಗಿಸಿದರೆ 35.4 ಓಮ್, ಅದೇ ರಾಡ್. ಗುಣಿಸಿದರೆ 1031 ವ್ಯಾಟ್. 1500 ಕೊಡಬೇಕಾದ ರಾಡ್ ಮೂರರಲ್ಲಿ ಎರಡು ಪಾಲಿನಷ್ಟೇ ಕೆಲಸ ಮಾಡುತ್ತಿತ್ತು. ನೀರು ತಡವಾಗಿ ಕಾಯದೆ ಇನ್ನೇನಾಗುತ್ತದೆ? ವೋಲ್ಟೇಜ್ ಇಳಿದರೆ ಆಂಪ್ ಕೂಡ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಪವರಿಗೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ.

ರಾಡನ್ನು ಹಾಗೇ ಬಿಟ್ಟು ಮೇನ್ ಬೋರ್ಡಿಗೆ ಹೋದೆ. ಅಲ್ಲಿ 205 ವೋಲ್ಟ್. ಊರಿಗೇ ವೋಲ್ಟೇಜ್ ಕಡಿಮೆ ಇದ್ದ ಹೊತ್ತು ಅದು, ಅದಕ್ಕೆ ನಾನೇನೂ ಮಾಡುವಂತಿರಲಿಲ್ಲ. ಆದರೆ ಬೋರ್ಡಿನಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಇನ್ನೂ 14 ವೋಲ್ಟ್ ಕಳೆದುಹೋಗುತ್ತಿತ್ತಲ್ಲ, ಅದು ಮನೆಯ ವೈರಿನದೇ ಕಥೆ. 14 ಭಾಗಿಸು 5.4, ಅಂದರೆ ದಾರಿಯಲ್ಲಿ 2.6 ಓಮ್.

ವೈರ್ ಎಷ್ಟು ತಿನ್ನಬೇಕು ಅಂತ ಲೆಕ್ಕ ಹಾಕಿದೆ. ಅದು ಒಂದು ಸ್ಕ್ವೇರ್ ಎಂಎಂ ತಾಮ್ರದ ವೈರ್. ಸಾವಿರ ಮೀಟರಿಗೆ ಹತ್ತಿರ ಹತ್ತಿರ 19.5 ಓಮ್. ಬೋರ್ಡಿನಿಂದ ಬಚ್ಚಲಿಗೆ 40 ಮೀಟರ್, ಹೋಗಿ ಬರಲು 80. ಅಂದರೆ 1.6 ಓಮ್. ಇನ್ನೂ ಒಂದು ಓಮ್ ಲೆಕ್ಕಕ್ಕೆ ಸಿಗಲಿಲ್ಲ.

ಒಂದು ಓಮ್ ಏನು ದೊಡ್ಡದು ಅನಿಸಬಹುದು. 5.4ನ್ನು 5.4ರಿಂದ ಗುಣಿಸಿ, ಒಂದು ಓಮಿನಿಂದ ಗುಣಿಸಿದರೆ 29 ವ್ಯಾಟ್. ನಾನು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು! ಅಷ್ಟು ಕಾವು ಎಲ್ಲೋ ಒಂದೇ ಕಡೆ ಹೆಬ್ಬೆರಳಿನಷ್ಟು ಜಾಗದಲ್ಲಿ ಹುಟ್ಟುತ್ತಿದ್ದರೆ? ನನ್ನ ಎದೆ ಧಸಕ್ಕೆಂದಿತು.

"ಕಾಕಾ, ಈ ವೈರಿಗೆ ಎಲ್ಲ್ಯಾರ ಜಾಯಿಂಟ್ ಐತೇನ್ರೀ?"

"ದನದ ಕೊಟ್ಟಗ್ಯಾಗ ಒಂದ ಐತಿ. ಹಿಂದಕ ಇಲಿ ಕಡದಿತ್ತು, ಅವಾಗ ಕೂಡಿಸಿದ್ದು."

ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ಖಾತ್ರಿ ಮಾಡಿಕೊಂಡು ಕೊಟ್ಟಿಗೆಗೆ ಹೋದೆವು. ಜಾಯಿಂಟ್ ಇದ್ದದ್ದು ಒಟ್ಟಿದ ಜೋಳದ ಕಣಿಕೆಯ ಮೇಲೆ, ಒಂದು ಮೊಳವೂ ದೂರವಿಲ್ಲ. ಟೇಪ್ ಕರಗಿ ಬೆಲ್ಲದ ಪಾಕದ ಹಾಗೆ ಇಳಿದು ಗಟ್ಟಿಯಾಗಿತ್ತು. ಬಿಚ್ಚಿದರೆ ಒಳಗಿನ ತಾಮ್ರ ಕಪ್ಪಗಾಗಿತ್ತು, ಸುಮ್ನೆ ಎರಡು ಸುತ್ತು ತಿರುವಿ ಬಿಟ್ಟಿದ್ದರು. ಬೆರಳಿಟ್ಟರೆ ಚುರುಕ್ ಅಂತು. ಕಾಕಾ ಮಾತೇ ಆಡಲಿಲ್ಲ, ಕಣಿಕೆಯ ಸೂಡುಗಳನ್ನು ಒಂದೊಂದಾಗಿ ಎಳೆದು ಹೊರಗೆ ಹಾಕತೊಡಗಿದರು.

ಮರುದಿನ ನಡುವೆ ಎಲ್ಲೂ ಜಾಯಿಂಟ್ ಇಲ್ಲದ ಹಾಗೆ ಇನ್ನೂ ದಪ್ಪಗಿನ 2.5 ಸ್ಕ್ವೇರ್ ಎಂಎಂ ವೈರ್ ಎಳೆದೆ, ಕೊಟ್ಟಿಗೆ ಬಿಟ್ಟು ಹೊರಗಿನ ಗೋಡೆಯ ಮೇಲೆ, ಪೈಪಿನೊಳಗೆ. ಇದಕ್ಕೆ ಸಾವಿರ ಮೀಟರಿಗೆ ಸುಮಾರು 8 ಓಮ್, ಅಂದರೆ ನಮ್ಮ 80 ಮೀಟರಿಗೆ 0.64. ಬೋರ್ಡಿನಲ್ಲಿ ಆವತ್ತೂ 205 ವೋಲ್ಟೇ ಇತ್ತು. ಬಚ್ಚಲಲ್ಲಿ 201 ವೋಲ್ಟ್, 5.7 ಆಂಪ್, 1145 ವ್ಯಾಟ್. ಮೂವತ್ನಾಲ್ಕು ನಿಮಿಷ ಹಿಡಿಯುತ್ತಿದ್ದ ಬಕೆಟ್ ನೀರಿಗೆ ಈಗ ಮೂರು ನಿಮಿಷ ಕಮ್ಮಿ, ಅಷ್ಟೇ. ಅದನ್ನು ಮರೆಮಾಚದೆ ಹೇಳಿದೆ.

ಕ್ಲ್ಯಾಂಪ್ ಮೀಟರ್ ಇಲ್ಲದವರು ಮನೆಯ ಕರೆಂಟ್ ಮೀಟರನ್ನೇ ನೋಡಬಹುದು. ಕಾಕಾನ ಮೀಟರಿನ ಮೇಲೆ ಒಂದು ಯೂನಿಟ್ಟಿಗೆ 3200 ಮಿನುಗು ಅಂತ ಇತ್ತು. ಮೊದಲ ದಿನ ಬೇರೆಲ್ಲ ಆಫ್ ಮಾಡಿಸಿ ಎಣಿಸಿದಾಗ ಒಂದು ನಿಮಿಷಕ್ಕೆ 59 ಸಲ ಕೆಂಪು ದೀಪ ಮಿನುಗಿತ್ತು. 59ನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿದರೆ 1.106 ಕಿಲೋವ್ಯಾಟ್. ಬೋರ್ಡಿನ 205 ವೋಲ್ಟನ್ನು 5.4ರಿಂದ ಗುಣಿಸಿ ನೋಡಿ, 1107 ಬರುತ್ತದೆ. ರಾಡಿನ 1031ಕ್ಕಿಂತ ಹೆಚ್ಚಿಗೆ ಇದ್ದದ್ದು ದಾರಿಯ ವೈರಿನಲ್ಲಿ ಹೋದದ್ದು. ಪಂಪಿನ ಮೋಟರಿಗೆ ಮಾತ್ರ ಹೀಗೆ ವೋಲ್ಟ್ ಗುಣಿಸು ಆಂಪ್ ಮಾಡಿ ವ್ಯಾಟ್ ಅನ್ನಬೇಡಿ, ಅಲ್ಲಿ ಪವರ್ ಫ್ಯಾಕ್ಟರ್ ಸೇರುತ್ತದೆ, ನಿಜವಾದ ವ್ಯಾಟ್ ಆ ಗುಣಾಕಾರಕ್ಕಿಂತ ಕಮ್ಮಿ ಇರುತ್ತದೆ.

ಹೊರಡುವಾಗ ಬೋರ್ಡಿನ ಬಾಗಿಲ ಒಳಗೆ ಮಾರ್ಕರಿನಲ್ಲಿ 205, 201, 5.7 ಅಂತ ಬರೆದು ತಾರೀಖು ಹಾಕಿದೆ. ಕಾಕಿ ಚಹಾ ತಂದರು. ಕರಕಲಾದ ಜಾಯಿಂಟಿನ ತುಂಡನ್ನು ಕಾಕಾ ನನ್ನ ಕೈಯಿಂದ ಇಸಿದುಕೊಂಡರು, ಪಕ್ಕದ ತೋಟದವರಿಗೆ ತೋರಿಸಬೇಕಂತೆ.