ರೇಡಿಯೇಷನ್ ಸುದ್ದಿ ಓದುವುದು ಹೇಗೆ?

‘ಸಿ.ಟಿ. ಸ್ಕ್ಯಾನ್‌ನಿಂದ ಕ್ಯಾನ್ಸರ್’ ಎಂದು ಒಂದು ತಲೆಬರಹ. ‘ರೇಡಿಯೇಷನ್‌ನಿಂದ ಕ್ಯಾನ್ಸರ್ ಗುಣ’ ಎಂದು ಇನ್ನೊಂದು. ಎರಡೂ ಒಂದೇ ವಾರ ಬರಬಹುದು. ಎರಡೂ ನಿಜವೇ ಆಗಿರಬಹುದು. ಓದಿದವರಿಗೆ ತಲೆ ಕೆಡುವುದು ಸಹಜ, ಅಲ್ವಾ?

ಹೀಗಾಗಲು ಮುಖ್ಯ ಕಾರಣ, ಸುದ್ದಿಯಲ್ಲಿ ‘ಎಷ್ಟು’ ಅನ್ನುವುದು ಬಿಟ್ಟುಹೋಗಿರುತ್ತದೆ. ವಿಕಿರಣದ ಕುರಿತು ಯಾವ ಸಂಶೋಧನೆಯ ವರದಿ ಸಿಕ್ಕರೂ ಈ ಕೆಳಗಿನ ಕ್ರಮದಲ್ಲಿ ಓದಿ ನೋಡಿ. ಭೌತಶಾಸ್ತ್ರ ಓದಿರಬೇಕು ಎಂದೇನಿಲ್ಲ.

ಹೆಜ್ಜೆ 1: ಯಾವ ವಿಕಿರಣ ಎಂದು ಕೇಳಿ

ಬೆಳಕು, ಮೊಬೈಲ್ ತರಂಗ, ಮೈಕ್ರೋವೇವ್ ಎಲ್ಲವೂ ವಿಕಿರಣವೇ. ಆದರೆ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕುವಷ್ಟು ಕಸುವು ಇವಕ್ಕಿಲ್ಲ. ಎಕ್ಸ್-ರೇ, ಗಾಮಾ, ಬೀಟಾ, ಆಲ್ಫಾ, ನ್ಯೂಟ್ರಾನ್‌ಗಳಿಗೆ ಆ ಕಸುವು ಇದೆ. ಈ ಲೇಖನ ಇವುಗಳ ಬಗ್ಗೆ ಮಾತ್ರ. ಇವುಗಳ ಸ್ವಭಾವವೂ ಬೇರೆ ಬೇರೆ. ಆಲ್ಫಾ ಕಣವನ್ನು ಒಂದು ಹಾಳೆ ಕಾಗದ ತಡೆಯುತ್ತದೆ. ಆದರೆ ಅದನ್ನು ಹೊರಸೂಸುವ ರೇಡಾನ್ ಅನಿಲ ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವಾಗಬಹುದು.

ಹೆಜ್ಜೆ 2: ಅಂಕಿಯ ಮುಂದಿನ ಪದ ನೋಡಿ

ಮೂರು ಅಳತೆಗಳು ಗೊತ್ತಿದ್ದರೆ ಸಾಕು. ಬೆಕೆರೆಲ್ ಎಂದರೆ ಸೆಕೆಂಡಿಗೆ ಎಷ್ಟು ಪರಮಾಣು ಒಡೆಯುತ್ತಿವೆ ಎಂಬ ಲೆಕ್ಕ. ಗ್ರೇ ಎಂದರೆ ದೇಹದ ಪ್ರತಿ ಕಿಲೋಗ್ರಾಂ ಹೀರಿಕೊಂಡ ಶಕ್ತಿ. ಸೀವರ್ಟ್ ಎಂದರೆ ಅದರಿಂದ ಆಗಬಹುದಾದ ಹಾನಿಯ ಅಂದಾಜು.

ಬೆಕೆರೆಲ್ ಅಂಕಿ ದೊಡ್ಡದಾಗಿ ಕಂಡರೆ ಗಾಬರಿ ಬೇಡ. ವಯಸ್ಕರೊಬ್ಬರ ಮೈಯಲ್ಲಿ ಸಹಜವಾಗಿ ಇರುವ ಪೊಟ್ಯಾಸಿಯಂ-40 ಒಂದರಿಂದಲೇ ಸುಮಾರು 4,000 ಬೆಕೆರೆಲ್ ಬರುತ್ತದೆ. ಹಾಗೆಯೇ ‘ಮಿಲಿ’ ಮತ್ತು ‘ಮೈಕ್ರೋ’ ಕಣ್ತಪ್ಪದಿರಲಿ. ಒಂದಕ್ಕೂ ಇನ್ನೊಂದಕ್ಕೂ ಸಾವಿರ ಪಟ್ಟು ಅಂತರ.

ಹೆಜ್ಜೆ 3: ಡೋಸ್ ಎಷ್ಟು, ಎಷ್ಟು ಹೊತ್ತಿನಲ್ಲಿ?

ಈ ಕೆಲವು ಅಂಕಿಗಳನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ನೆಲ, ಗಾಳಿ, ಆಹಾರ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸಿಗುವ ವಿಕಿರಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಎದೆಯ ಒಂದು ಎಕ್ಸ್-ರೇಗೆ ಸಾಮಾನ್ಯವಾಗಿ 0.1 ಮಿಲಿಸೀವರ್ಟ್ ಅಥವಾ ಅದಕ್ಕಿಂತ ಕಡಿಮೆ. ಹೊಟ್ಟೆಯ ಸಿ.ಟಿ. ಸ್ಕ್ಯಾನ್‌ಗೆ 10ರ ಆಸುಪಾಸು. ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಅಂತರರಾಷ್ಟ್ರೀಯ ಶಿಫಾರಸು ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ ದಾಟಬಾರದು ಎಂದು.

ಇನ್ನು ತೀರಾ ಮೇಲಿನ ಕಡೆ ನೋಡಿ. ಇಡೀ ಮೈಗೆ ಒಮ್ಮೆಲೇ ಸುಮಾರು 4 ಗ್ರೇ ಬಿದ್ದು, ಚಿಕಿತ್ಸೆ ಸಿಗದೆ ಹೋದರೆ ಅರ್ಧದಷ್ಟು ಜನ ಉಳಿಯುವುದಿಲ್ಲ. ಆದರೆ ಕ್ಯಾನ್ಸರ್ ಗಡ್ಡೆಗೆ 60ರಿಂದ 70 ಗ್ರೇ ಕೊಡುತ್ತಾರೆ! ಹೇಗೆ ಸಾಧ್ಯ? ಅದು ಇಡೀ ಮೈಗಲ್ಲ, ಗಡ್ಡೆ ಇರುವಷ್ಟು ಜಾಗಕ್ಕೆ. ಅದೂ ದಿನಕ್ಕೆ 2 ಗ್ರೇಯಂತೆ, ಆರೇಳು ವಾರ.

ದಿನಕ್ಕಿಷ್ಟು ಎಂದು ಹಂಚುವುದು ಏಕೆ ಎಂದು ತಿಳಿಯಲು ಜೀವಕೋಶದ ಒಳಗೆ ಇಣುಕಬೇಕು. 1 ಗ್ರೇ ಎಕ್ಸ್-ರೇ ಬಿದ್ದ ಕೋಶದಲ್ಲಿ ಸುಮಾರು ಸಾವಿರ ಕಡೆ ಡಿಎನ್‌ಎಯ ಜೋಡಿ ಎಳೆಗಳಲ್ಲಿ ಒಂದು ಮಾತ್ರ ತುಂಡಾಗುತ್ತದೆ. ಅದನ್ನು ಕೋಶ ಎದುರಿನ ಎಳೆ ನೋಡಿಕೊಂಡು ಬೇಗ ಸರಿಮಾಡಿಕೊಳ್ಳುತ್ತದೆ. ಎರಡೂ ಎಳೆಗಳು ಒಂದೇ ಜಾಗದಲ್ಲಿ ತುಂಡಾಗುವುದು ಸುಮಾರು 40 ಕಡೆ. ಕಷ್ಟ ಇರುವುದು ಇಲ್ಲೇ. ಹೆಚ್ಚಿನವು ಕೆಲವು ಗಂಟೆಗಳಲ್ಲಿ ಕೂಡಿಕೊಳ್ಳುತ್ತವೆ. ಕೆಲವು ಕೂಡುವುದೇ ಇಲ್ಲ, ಕೆಲವು ತಪ್ಪಾಗಿ ಕೂಡುತ್ತವೆ. ಆಗ ಕೋಶ ಸಾಯುತ್ತದೆ, ಇಲ್ಲವೇ ತಪ್ಪನ್ನು ಇಟ್ಟುಕೊಂಡೇ ಬದುಕುತ್ತದೆ. ಎಷ್ಟೋ ವರ್ಷಗಳ ನಂತರ ಕಾಣುವ ಕ್ಯಾನ್ಸರ್‌ನ ಮೂಲ ಈ ಎರಡನೆಯದು. ಆರೋಗ್ಯವಂತ ಕೋಶಗಳು ರಿಪೇರಿಯಲ್ಲಿ ಸಾಮಾನ್ಯವಾಗಿ ಗಡ್ಡೆಯ ಕೋಶಗಳಿಗಿಂತ ಮುಂದು. ಒಂದೊಂದು ದಿನದ ಬಿಡುವು ಸಿಕ್ಕರೆ ಅವು ಚೇತರಿಸಿಕೊಳ್ಳುತ್ತವೆ.

ತಪ್ಪಾಗಿ ಕೂಡಿದ ಈ ತುಂಡುಗಳನ್ನು ಕಣ್ಣಾರೆ ಎಣಿಸಲೂಬಹುದು. ಯಾರಿಗಾದರೂ ಆಕಸ್ಮಿಕವಾಗಿ ವಿಕಿರಣ ತಗಲಿತೆಂದರೆ ಅವರ ರಕ್ತ ತೆಗೆದು, ಬಿಳಿ ರಕ್ತಕಣಗಳನ್ನು ಎರಡು ದಿನ ಬೆಳೆಸುತ್ತಾರೆ. ಆಮೇಲೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಅಡಿ ನೂರಾರು ಕೋಶಗಳನ್ನು ಒಂದೊಂದಾಗಿ ನೋಡುತ್ತಾರೆ. ಡಿಎನ್‌ಎ ಸುತ್ತಿಕೊಂಡು ಆದ ಕ್ರೋಮೋಸೋಮ್‌ನಲ್ಲಿ ಒಂದೇ ಸೆಂಟ್ರೋಮಿಯರ್ (ಕಿರಿದಾದ ಗಂಟಿನಂಥ ಜಾಗ) ಇರಬೇಕು; ಎರಡು ಇದ್ದರೆ, ಅದು ಬೇರೆ ಬೇರೆ ಕ್ರೋಮೋಸೋಮ್‌ಗಳ ತುಂಡುಗಳು ಅಂಟಿಕೊಂಡು ಆದದ್ದು. ಅಂಥವು ಎಷ್ಟಿವೆ ಎನ್ನುವುದರಿಂದ ಡೋಸ್ ಅಂದಾಜಿಸುತ್ತಾರೆ. ಕೈಯಲ್ಲಿ ಮೀಟರ್ ಇಲ್ಲದಿದ್ದರೂ ರಕ್ತವೇ ಲೆಕ್ಕ ಹೇಳುತ್ತದೆ.

ಹೆಜ್ಜೆ 4: ಶೇಕಡಾ ಕಂಡರೆ ನಿಲ್ಲಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಮನುಷ್ಯರ ಮೇಲಿನ ಪರಿಣಾಮದ ಬಗ್ಗೆ ನಮಗೆ ಗೊತ್ತಿರುವ ಹೆಚ್ಚಿನದು ಹಿರೋಶಿಮಾ, ನಾಗಾಸಾಕಿಗಳ ಜನರಿಂದ ಬಂದದ್ದು. 1950ರಿಂದ ಅಲ್ಲಿ ಸುಮಾರು 1.2 ಲಕ್ಷ ಜನರ ಆರೋಗ್ಯವನ್ನು ಗಮನಿಸುತ್ತಾ ಬಂದಿದ್ದಾರೆ. ಅವರಿಗೆ ಬಿದ್ದದ್ದು ಕ್ಷಣಾರ್ಧದಲ್ಲಿ. ಸ್ವಲ್ಪ ಸ್ವಲ್ಪವೇ, ವರ್ಷಗಟ್ಟಲೆ ಬಿದ್ದರೆ ಏನಾಗುತ್ತದೆ? ಇದಕ್ಕೆ ಉತ್ತರ ಹುಡುಕಲು ಫ್ರಾನ್ಸ್, ಬ್ರಿಟನ್, ಅಮೆರಿಕದ 3 ಲಕ್ಷಕ್ಕೂ ಹೆಚ್ಚು ಪರಮಾಣು ಕಾರ್ಮಿಕರ ದಾಖಲೆಗಳನ್ನು ಪರಿಶೀಲಿಸಲಾಯಿತು. ಇನ್‌ವರ್ಕ್ಸ್ ಎಂಬ ಆ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ಪ್ರತಿ ಗ್ರೇಗೆ ಗಡ್ಡೆ ರೂಪದ ಕ್ಯಾನ್ಸರ್‌ಗಳಿಂದ ಸಾಯುವ ಪ್ರಮಾಣ ಶೇ 52ರಷ್ಟು ಏರುತ್ತದೆ ಎಂದು ಅದು ಹೇಳಿತು.

ಶೇ 52 ಎಂದರೆ ಎದೆ ಧಸಕ್ ಎನ್ನುತ್ತದೆ. ಆದರೆ ‘ಪ್ರತಿ ಗ್ರೇಗೆ’ ಎಂಬುದನ್ನು ಮತ್ತೆ ಓದಿ. ಆ ಕಾರ್ಮಿಕರಿಗೆ ಇಡೀ ವೃತ್ತಿಜೀವನದಲ್ಲಿ ಸಿಕ್ಕ ಸರಾಸರಿ ಡೋಸ್ ಸುಮಾರು 20 ಮಿಲಿಗ್ರೇ. ಅಂದರೆ ಒಂದು ಗ್ರೇಯ ಐವತ್ತನೇ ಒಂದು ಭಾಗ. ಸರಾಸರಿ ಕಾರ್ಮಿಕರಿಗೆ ಲೆಕ್ಕ ಹಾಕಿದರೆ ಏರಿಕೆ ಶೇ 1ರ ಸುಮಾರಿಗೆ ಬರುತ್ತದೆ. ಇದು ಸೊನ್ನೆ ಅಲ್ಲ. ಮುಚ್ಚಿಡಬೇಕಾದ ವಿಷಯವೂ ಅಲ್ಲ. ಆದರೆ ತಲೆಬರಹ ಹೇಳಿದ್ದಕ್ಕೂ ಇದಕ್ಕೂ ಬಹಳ ದೂರ.

ಅದೇ ವರ್ಷ ಯುರೋಪಿನ 9 ದೇಶಗಳ ಸುಮಾರು 9.5 ಲಕ್ಷ ಜನರ ಅಧ್ಯಯನವೂ ಬಂತು. ಎಲ್ಲರೂ ಚಿಕ್ಕ ವಯಸ್ಸಿನಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡವರು. ಸ್ಕ್ಯಾನ್ ಆದ 10,000 ಮಕ್ಕಳನ್ನು ತೆಗೆದುಕೊಂಡರೆ, ಮುಂದಿನ 12 ವರ್ಷಗಳಲ್ಲಿ ವಿಕಿರಣದಿಂದಾಗಿ ರಕ್ತದ ಕ್ಯಾನ್ಸರ್ ಬರುವ ಸಾಧ್ಯತೆ 1 ಅಥವಾ 2 ಮಕ್ಕಳಿಗೆ. ತಲೆಗೆ ಪೆಟ್ಟು ಬಿದ್ದ ಮಗುವಿಗೆ ಸ್ಕ್ಯಾನ್ ಬೇಕೇ ಬೇಕು ಎಂದು ವೈದ್ಯರು ಹೇಳಿದರೆ ಹಿಂಜರಿಯಬಾರದು. ಸುಮ್ನೆ ‘ಒಂದು ಸಲ ನೋಡಿಬಿಡೋಣ’ ಎಂದು ಮಾಡಿಸುವುದು ಬೇಡ.

ಹೆಜ್ಜೆ 5: ಹೊಸ ಚಿಕಿತ್ಸೆ ಎಂದರೆ, ಯಾರ ಮೇಲೆ, ಎಷ್ಟು ಜನರ ಮೇಲೆ?

ಈಗ ಹೆಚ್ಚು ಕೇಳಿಬರುವ ಹೆಸರು ಫ್ಲ್ಯಾಶ್. ಸಾಮಾನ್ಯ ರೇಡಿಯೇಷನ್ ಚಿಕಿತ್ಸೆಯಲ್ಲಿ ರೋಗಿ ಮೇಜಿನ ಮೇಲೆ ಅಲುಗಾಡದೆ ಮಲಗುತ್ತಾರೆ. ಗಡ್ಡೆ ತಲೆ ಅಥವಾ ಕುತ್ತಿಗೆಯಲ್ಲಿದ್ದರೆ, ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು ಮುಖಕ್ಕೆ ಒತ್ತಿ ಮಾಡಿದ ಮುಖವಾಡವನ್ನು ಮೇಜಿಗೆ ಬಿಗಿಯುತ್ತಾರೆ. ಸಿಬ್ಬಂದಿ ಹೊರಗೆ ಹೋದ ಮೇಲೆ ಕಿರಣ ಕೆಲವು ನಿಮಿಷ ಬೀಳುತ್ತದೆ. ಫ್ಲ್ಯಾಶ್‌ನಲ್ಲಿ ಅದೆಲ್ಲಾ ಸೆಕೆಂಡಿನ ಒಂದು ಭಾಗದಲ್ಲಿ ಮುಗಿಯುತ್ತದೆ. ಸೆಕೆಂಡಿಗೆ 40 ಗ್ರೇ ಅಥವಾ ಹೆಚ್ಚಿನ ವೇಗ. ಇಷ್ಟು ಬೇಗ ಕೊಟ್ಟರೆ ಗಡ್ಡೆಗೆ ಅಷ್ಟೇ ಪೆಟ್ಟು, ಸುತ್ತಲಿನ ಅಂಗಾಂಶಕ್ಕೆ ಕಡಿಮೆ ಹಾನಿ ಎಂದು 2014ರಲ್ಲಿ ಇಲಿಗಳಲ್ಲಿ ಕಂಡುಬಂತು. ಏಕೆ ಹೀಗೆ ಎಂಬುದರ ಬಗ್ಗೆ ಇನ್ನೂ ಚರ್ಚೆ ನಡೆಯುತ್ತಿದೆ. ಪ್ರೋಟಾನ್ ಕಿರಣ ಬಳಸಿದ ಫ್ಲ್ಯಾಶ್‌ನ ಮೊದಲ ಮಾನವ ಪ್ರಯೋಗದಲ್ಲಿ ಇದ್ದವರು 10 ಜನ. ಆಸೆ ಹುಟ್ಟಿಸುವ ಕೆಲಸ ಇದು, ಆದರೆ ನಾಳೆಯೇ ಆಸ್ಪತ್ರೆಗೆ ಬರುವಂಥದ್ದಲ್ಲ.

ವಿಕಿರಣ ಸೂಸುವ ಲುಟೀಷಿಯಂ-177 ಎಂಬ ಲೋಹದ ಚಿಕಿತ್ಸೆ ಇದಕ್ಕಿಂತ ಮುಂದೆ ಬಂದಿದೆ. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಅಂಟಿಕೊಳ್ಳುವ ಅಣುವಿಗೆ ಇದನ್ನು ಕಟ್ಟಿ ರಕ್ತಕ್ಕೆ ಬಿಡುತ್ತಾರೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರೋಗ ಬಹಳ ಹರಡಿದ್ದವರ ಆಯುಷ್ಯದ ಮಧ್ಯಾಂಕ (ಅರ್ಧದಷ್ಟು ಜನ ಇದಕ್ಕಿಂತ ಹೆಚ್ಚು ಬದುಕುವ ಅವಧಿ) 11.3 ತಿಂಗಳಿಂದ 15.3 ತಿಂಗಳಿಗೆ ಏರಿತು. ನಾಲ್ಕು ತಿಂಗಳು. ಮನೆಯವರಿಗೆ ಅದು ಸಣ್ಣದಲ್ಲ. ಆದರೂ ಅದನ್ನು ‘ಗುಣ’ ಎಂದು ಕರೆದರೆ ತಪ್ಪಾಗುತ್ತದೆ.

ಹೆಜ್ಜೆ 6: ಕಿರಣ ಬಿತ್ತೇ, ವಸ್ತು ಅಂಟಿತೇ?

ಕಾರ್ಖಾನೆಗಳ ಸುದ್ದಿಗೆ ಈ ಪ್ರಶ್ನೆ ಬೇಕು. ಬಿಸಿಲಲ್ಲಿ ನಿಂತು ಬಂದವರು ಬಿಸಿಲನ್ನು ಮನೆಗೆ ತರುವುದಿಲ್ಲ, ಕೆಸರು ತುಳಿದು ಬಂದವರು ಕೆಸರನ್ನು ತರುತ್ತಾರೆ. ಸಿರಿಂಜ್, ಕೈಗವಸುಗಳನ್ನು ಕೋಬಾಲ್ಟ್-60ರ ಗಾಮಾ ಕಿರಣದಿಂದ ಕ್ರಿಮಿರಹಿತ ಮಾಡುತ್ತಾರೆ. ಸಾಮಾನ್ಯ ಡೋಸ್ 25,000 ಗ್ರೇ. ಆದರೂ ಸಿರಿಂಜ್ ವಿಕಿರಣಶೀಲ ಆಗುವುದಿಲ್ಲ. ಪರಮಾಣುವಿನ ಬೀಜವನ್ನೇ ಬದಲಿಸುವಷ್ಟು ಶಕ್ತಿ ಆ ಕಿರಣಕ್ಕಿಲ್ಲ. ಮೊಳಕೆ ಬಾರದಿರಲು ಈರುಳ್ಳಿಗೆ ಕಿರಣ ಹಾಯಿಸುವುದೂ, ಪೈಪಿನ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಇರಿಡಿಯಂ-192 ಬಳಸಿ ನೋಡುವುದೂ ಹೀಗೆಯೇ.

ಅಪಾಯ ಆಗುವುದು ಮೂಲವಸ್ತುವೇ ಕೈತಪ್ಪಿದಾಗ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ, ಪಾಳುಬಿದ್ದ ಕ್ಲಿನಿಕ್‌ನಿಂದ ಗುಜರಿಗೆ ಹೋದ ಯಂತ್ರದೊಳಗೆ ಸೀಸಿಯಂ-137 ಇತ್ತು. ನೀಲಿಯಾಗಿ ಹೊಳೆಯುತ್ತಿದ್ದ ಪುಡಿಯನ್ನು ಜನ ನೆಂಟರಿಷ್ಟರಿಗೆ ಹಂಚಿದರು, ಮೈಗೆ ಸವರಿಕೊಂಡರು. ನಾಲ್ವರು ತೀರಿಕೊಂಡರು. 1.12 ಲಕ್ಷ ಜನರನ್ನು ತಪಾಸಣೆ ಮಾಡಬೇಕಾಯಿತು, 249 ಜನರ ಮೇಲೆ ಅಥವಾ ಒಳಗೆ ಪುಡಿ ಸೇರಿತ್ತು. ಸುದ್ದಿಯಲ್ಲಿ ‘ಮೂಲ ಕಳೆದಿದೆ’ ಎಂದಿದ್ದರೆ ಗಂಭೀರವಾಗಿ ತೆಗೆದುಕೊಳ್ಳಿ.

ಹೆಜ್ಜೆ 7: ನಿಮ್ಮ ಸರದಿ ಬಂದಾಗ

ಸ್ಕ್ಯಾನ್ ಬರೆದುಕೊಟ್ಟಾಗ ಎರಡು ಮಾತು ಕೇಳಿ. ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ? ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ.ಯಲ್ಲಿ ಇದು ತಿಳಿಯುವುದಿಲ್ಲವೇ? ಹಳೆಯ ಸ್ಕ್ಯಾನ್‌ಗಳಿದ್ದರೆ ಜೊತೆಗೆ ಒಯ್ಯಿರಿ, ಎಷ್ಟೋ ಸಲ ಮತ್ತೆ ಮಾಡುವುದು ತಪ್ಪುತ್ತದೆ. ಗರ್ಭಿಣಿಯಾಗಿದ್ದರೆ, ಅನುಮಾನವಿದ್ದರೂ ಸಹ, ಮೊದಲೇ ಹೇಳಿಬಿಡಿ.

ಸೀಸದ ಹೊದಿಕೆ ಹಾಕಲಿಲ್ಲ ಎಂದು ಮಾತ್ರ ಜಗಳ ಬೇಡ. ಎಕ್ಸ್-ರೇ, ಸಿ.ಟಿ. ಮಾಡುವಾಗ ರೋಗಿಯ ಜನನಾಂಗಕ್ಕೆ ಅದನ್ನು ರೂಢಿಯಂತೆ ಹಾಕುವುದು ನಿಲ್ಲಿಸಬೇಕೆಂದು ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2019ರಲ್ಲಿ ಹೇಳಿತು. ಈಗಿನ ಯಂತ್ರಗಳು ಬೇಕಾದಷ್ಟು ಕಿರಣವನ್ನು ತಾವೇ ಅಳೆದು ಬಿಡುತ್ತವೆ. ಸೀಸ ಅಡ್ಡ ಬಂದರೆ ಕಿರಣ ಸಾಲದಾಯಿತೆಂದು ತಿಳಿದು ಡೋಸ್ ಜಾಸ್ತಿ ಮಾಡಬಹುದು. ಚಿತ್ರ ಕೆಟ್ಟರೆ ಇನ್ನೊಮ್ಮೆ ತೆಗೆಯಬೇಕಾಗುತ್ತದೆ.