ಬಂಡುಕೋರರ ಹಿಡಿತದ ನೆಲ ಒಂದು ದೇಶವೇ? ಪರೀಕ್ಷಿಸುವ ಬಗೆ

ಅಂತರರಾಷ್ಟ್ರೀಯ ಕಾನೂನಿನ ಪುಸ್ತಕಗಳಲ್ಲಿ ಬರುವ ‘ರಾಜ್ಯ’ ಕರ್ನಾಟಕದಂಥ ರಾಜ್ಯವಲ್ಲ, ಸಾರ್ವಭೌಮ ದೇಶ. ಗೊಂದಲ ಬೇಡವೆಂದು ಇಲ್ಲಿ ‘ದೇಶ’ ಎಂದೇ ಬರೆದಿದ್ದೇವೆ.

ಮೊದಲು ನೋಡಬೇಕಾದ್ದು ಬಂಡುಕೋರರು ಕೇಳುತ್ತಿರುವುದೇನು ಎಂಬುದನ್ನು. ಹೊಸ ದೇಶವನ್ನೋ, ಇರುವ ದೇಶದ ಗದ್ದುಗೆಯನ್ನೋ? ತಾಲಿಬಾನ್ 2021ರ ಆಗಸ್ಟ್ 15ರಂದು ಕಾಬೂಲ್ ಹಿಡಿದಾಗ ಅಫ್ಘಾನಿಸ್ತಾನ ದೇಶವಾಗಿಯೇ ಇತ್ತು. ತಕರಾರು ಇದ್ದದ್ದು ಸರ್ಕಾರದ ಬಗ್ಗೆ. 2025ರ ಜುಲೈನಲ್ಲಿ ರಷ್ಯಾ ಮಾನ್ಯ ಮಾಡಿದ್ದೂ ಸರ್ಕಾರವನ್ನೇ. ಟಿವಿ ಚರ್ಚೆಗಳು ಹಳಿ ತಪ್ಪುವುದು ಹೆಚ್ಚಾಗಿ ಇಲ್ಲೇ.

ಕೇಳುತ್ತಿರುವುದು ಹೊಸ ದೇಶವನ್ನಾದರೆ 1933ರ ಮಾಂಟೆವಿಡಿಯೊ ಒಪ್ಪಂದದ ಮೊದಲ ವಿಧಿ ತೆರೆಯಿರಿ. ಅದು ನಾಲ್ಕು ಲಕ್ಷಣ ಹೇಳುತ್ತದೆ: ಕಾಯಂ ಜನ, ಗೊತ್ತಾದ ನೆಲ, ಸರ್ಕಾರ, ಇತರ ದೇಶಗಳೊಡನೆ ವ್ಯವಹರಿಸುವ ಸಾಮರ್ಥ್ಯ. ಮೊದಲೆರಡಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಜನಸಂಖ್ಯೆಗೆ ಕನಿಷ್ಠ ಮಿತಿಯಿಲ್ಲ, ಗಡಿ ತಗಾದೆ ಇದ್ದರೂ ದೇಶ ದೇಶವೇ. ನಮ್ಮದೇ ಉದಾಹರಣೆ ಸಾಕು.

ಕಷ್ಟವಿರುವುದು ಸರ್ಕಾರದ ಲಕ್ಷಣದಲ್ಲಿ. ಉತ್ತರ ಶ್ರೀಲಂಕಾದ ಕಿಲಿನೊಚ್ಚಿ ಕೇಂದ್ರವಾಗಿದ್ದ, ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇಯ ಆಡಳಿತಕ್ಕೆ ತನ್ನದೇ ಕೋರ್ಟು, ಪೊಲೀಸು, ಬ್ಯಾಂಕು, ತೆರಿಗೆ ಎಲ್ಲ ಇದ್ದವು. ಮೇಲ್ನೋಟಕ್ಕೆ ಪೂರಾ ದೇಶವೇ. ಆದರೆ ಅಲ್ಲಿ ಓಡಾಡುತ್ತಿದ್ದದ್ದು ಶ್ರೀಲಂಕಾದ ರೂಪಾಯಿ; ಶಾಲೆಯ ಮೇಷ್ಟ್ರುಗಳಿಗೂ ಆಸ್ಪತ್ರೆಯ ಡಾಕ್ಟರುಗಳಿಗೂ ಸಂಬಳ ಬರುತ್ತಿದ್ದದ್ದು ಕೊಲಂಬೊದಿಂದ. ಹಾಗಾಗಿ ಬಾವುಟ, ಸಮವಸ್ತ್ರ ಎಣಿಸುವುದಕ್ಕಿಂತ ಸಂಬಳ ಯಾರ ಖಜಾನೆಯದು, ಯಾರ ನೋಟು ಚಲಾವಣೆಯಲ್ಲಿದೆ, ಕೋರ್ಟಿನ ತೀರ್ಪನ್ನು ಜಾರಿ ಮಾಡುವವರು ಯಾರು ಎಂದು ವಿಚಾರಿಸಿ. ಹೊರಗಿನ ಸೈನ್ಯ ಹೊರಟುಹೋದರೆ ಆಡಳಿತ ನಿಂತೀತೇ ಎಂಬುದನ್ನೂ ಕೇಳಿ.

ನಾಲ್ಕನೆಯ ಲಕ್ಷಣದಲ್ಲಿ ಸಂಧಾನವನ್ನು ಮಾನ್ಯತೆ ಎಂದು ತಿಳಿಯುವವರು ಬಹಳ. 2002ರಲ್ಲಿ ನಾರ್ವೆಯ ಮಧ್ಯಸ್ಥಿಕೆಯಲ್ಲಿ ಕದನವಿರಾಮವಾಯಿತು ಎಂದಮಾತ್ರಕ್ಕೆ ಎಲ್‌ಟಿಟಿಇ ಕೇಳುತ್ತಿದ್ದ ಈಳಂ ದೇಶವಾಗಲಿಲ್ಲ. ಐಸಿಸ್‌ನದು ಇನ್ನೊಂದು ಬಗೆ. 2014ರ ಜೂನ್‌ನಲ್ಲಿ ಖಿಲಾಫತ್ ಸಾರಿದ ಅದು ಬೇರೆ ದೇಶಗಳ ಗಡಿಗಳನ್ನೇ ಒಪ್ಪಲಿಲ್ಲ; ವ್ಯವಹಾರದ ಬಾಗಿಲನ್ನು ತಾನೇ ಮುಚ್ಚಿಕೊಂಡಿತು.

ನಾಲ್ಕೂ ಇದ್ದರೂ ಹುಟ್ಟು ಕೆಟ್ಟಿದ್ದರೆ ಕೆಲಸ ಕೆಡುತ್ತದೆ. ರೊಡೇಶಿಯಾದ (ಇಂದಿನ ಜಿಂಬಾಬ್ವೆ) ಬಿಳಿಯ ಅಲ್ಪಸಂಖ್ಯಾತರ ಸರ್ಕಾರ 1965ರಲ್ಲಿ ಸ್ವಾತಂತ್ರ್ಯ ಸಾರಿಕೊಂಡಿತು. ಆಡಳಿತ ಗಟ್ಟಿಯಾಗಿತ್ತು, ಆದರೂ ಯಾವ ದೇಶವೂ ಮಾನ್ಯ ಮಾಡಲಿಲ್ಲ. ಬಹುಸಂಖ್ಯಾತರ ಸ್ವನಿರ್ಣಯದ, ಅಂದರೆ ತಮ್ಮ ಆಡಳಿತವನ್ನು ತಾವೇ ನಿರ್ಧರಿಸುವ ಹಕ್ಕನ್ನು ತುಳಿದು ಹುಟ್ಟಿದ್ದು ಅದು. ಉತ್ತರ ಸೈಪ್ರಸ್‌ನ 1983ರ ಸ್ವಾತಂತ್ರ್ಯ ಘೋಷಣೆಯನ್ನು ಭದ್ರತಾ ಮಂಡಳಿ ತನ್ನ 541ನೇ ನಿರ್ಣಯದಲ್ಲಿ ಅಸಿಂಧು ಎಂದಿತು. ಮಾನ್ಯ ಮಾಡಿದ್ದು ಟರ್ಕಿ ಮಾತ್ರ.

ಇನ್ನು ಮಾನ್ಯತೆ. ಅದೇ ಒಪ್ಪಂದದ ಮೂರನೇ ವಿಧಿಯ ಪ್ರಕಾರ ದೇಶದ ಇರವು ಬೇರೆಯವರ ಮಾನ್ಯತೆಯನ್ನು ಕಾಯುವುದಿಲ್ಲ. ವ್ಯವಹಾರದಲ್ಲಿ ಮಾತ್ರ ಅದು ಬಹಳ ಮುಖ್ಯ. 1991ರಲ್ಲಿ ಸೊಮಾಲಿಯಾದಿಂದ ಬೇರೆಯಾದ ಸೊಮಾಲಿಲ್ಯಾಂಡ್ ಸ್ವಂತ ನೋಟು, ಚುನಾವಣೆ ಇದ್ದೂ ದಶಕಗಟ್ಟಲೆ ಬಾಗಿಲಲ್ಲೇ ನಿಂತಿತು. ಬಾಂಗ್ಲಾದೇಶವನ್ನು ಭಾರತ 1971ರ ಡಿಸೆಂಬರ್ 6ರಂದು ಮಾನ್ಯ ಮಾಡಿತು. 1972ರಲ್ಲಿ ಚೀನಾದ ವೀಟೊ ಅಡ್ಡ ಬಂದು ವಿಶ್ವಸಂಸ್ಥೆಯ ಸದಸ್ಯತ್ವ ಸಿಕ್ಕಿದ್ದು 1974ರಲ್ಲಿ. ಅಷ್ಟರವರೆಗೆ ಅದು ದೇಶವಲ್ಲ ಎಂದರೆ ತಪ್ಪಾಗುತ್ತದೆ. ಸದಸ್ಯತ್ವದ ಲೆಕ್ಕವೇ ಬೇರೆ: ಭದ್ರತಾ ಮಂಡಳಿಯ 15ರಲ್ಲಿ 9 ಮತ, ವೀಟೊ ಇಲ್ಲದಿರುವುದು, ಆಮೇಲೆ ಮಹಾಸಭೆಯಲ್ಲಿ ಮೂರನೇ ಎರಡರಷ್ಟು ಬೆಂಬಲ.

ಉತ್ತರ ‘ದೇಶವಲ್ಲ’ ಎಂದು ಬಂದರೂ ಬಂಡುಕೋರರ ಹೊಣೆ ತಪ್ಪುವುದಿಲ್ಲ. ಯುದ್ಧದ ನಿಯಮ ಹೇಳುವ 1949ರ ಜಿನೀವಾ ಒಪ್ಪಂದಗಳೆಲ್ಲಕ್ಕೂ ಸಮಾನವಾದ ಮೂರನೇ ವಿಧಿ ಅವರನ್ನೂ ಕಟ್ಟಿಹಾಕುತ್ತದೆ, ಅದನ್ನು ಪಾಲಿಸಿದರೆಂದು ಅವರ ಕಾನೂನು ಸ್ಥಾನ ಬದಲಾಗದು ಎಂದೂ ಅಲ್ಲೇ ಬರೆದಿದೆ. ಅಲ್ಲಿಯ ಜನರ ಕಾಗದಪತ್ರಗಳನ್ನೂ ಒಂದೇ ಏಟಿಗೆ ತಳ್ಳಿಹಾಕುವಂತಿಲ್ಲ. ನಮೀಬಿಯಾ ಕುರಿತ 1971ರ ಅಭಿಪ್ರಾಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ದಕ್ಷಿಣ ಆಫ್ರಿಕಾದ ಅಕ್ರಮ ಆಡಳಿತದ ಅಡಿಯಲ್ಲಾದರೂ ಜನನ, ಮರಣ, ಮದುವೆಯ ನೋಂದಣಿಗಳನ್ನು ಮಾನ್ಯ ಮಾಡಬಹುದೆಂದು ಹೇಳಿದೆ.