ಹಿಮದೂರಿನ ಕಾಟೇಜಲ್ಲಿ ಒಂದು ವಾರ: ಶಿರಸಿಯವರು ತಯಾರಿ ಮಾಡ್ಕೊಳ್ಳೋದು ಹೇಗೆ?

ಹೋದ ಜನವರಿಲಿ ಕೆನಡಾದ ಒಂಟಾರಿಯೋದಲ್ಲಿರೋ ತಮ್ಮನ ಮಗಳ ಮನೆಗೆ ಹೋಗಿ ಬಂದಾಗಿಂದ, ನಮ್ಮ ಶಿರಸಿಯ ಬಿಡ್ಕಿಬೈಲಲ್ಲಿ ಸಿಕ್ಕಿದವರೆಲ್ಲ ಕೇಳೋದು ಒಂದೇ, ಬರ್ಫದ ಮೇಲೆ ಗಾಡಿ ಬಿಟ್ರಂತೆ ಹೌದಾ ಅಂತ. ಬಿಟ್ಟೆ ಹೌದು, ಸ್ನೋಮೊಬೈಲ್ ಅನ್ನೋ ಹಿಮದ ಗಾಡಿ, ಆದ್ರೆ ಅಲ್ಲಿ ಕಾಟೇಜ್ ಅನ್ನೋ ರಜಾಮನೇಲಿ ಕಳೆದ ಆ ವಾರದಲ್ಲಿ ಗಾಡಿ ಮೇಲೆ ಕೂತಿದ್ದು ಆರೇಳು ತಾಸು ಇರಬಹುದು, ಉಳಿದಿದ್ದೆಲ್ಲ ಕಟ್ಟಿಗೆ, ನೀರು, ಒದ್ದೆ ಸಾಕ್ಸು. ಥೇಟ್ ನಮ್ಮ ಆಷಾಢ. ಮೇ ತಿಂಗಳಲ್ಲೇ ಕಟ್ಟಿಗೆ ಒಟ್ಟಿ, ಹಪ್ಪಳ ಒಣಗಿಸಿ, ಜಡಿಮಳೆ ಹಿಡಿದ ಮೇಲೆ ಅಂಗಳಕ್ಕೂ ಇಳೀದೇ ಕೂರೋ ನಮ್ಮ ಕಡೆಯವರಿಗೆ ಇದೇನು ಹೊಸ ವಿದ್ಯೆ ಅಲ್ಲ, ಸಾಮಾನು ಬೇರೆ ಅಷ್ಟೇ. ಮಕ್ಕಳು ಅಲ್ಲಿಗೆ ಕರೆಸ್ಕೊಳ್ತಾ ಇರೋರು ತುಂಬಾ ಜನ ಇದ್ದಾರೆ, ಅವರಿಗಾಗಿ ಬರೀತಾ ಇದ್ದೇನೆ.

ಮೊದಲು ಬಟ್ಟೆ

ಕಾಟನ್ ಬನಿಯನ್ನು, ಪಂಚೆ, ಕಾಟನ್ ಸಾಕ್ಸು ಸೂಟ್‌ಕೇಸಲ್ಲೇ ಇರಲಿ. ಹತ್ತಿ ಬೆವರು ಹೀರಿಕೊಂಡು ಒದ್ದೆಯಾಗೇ ಇರ್ತದೆ, ಆಮೇಲೆ ಮೈ ಶಾಖ ಎಳೀತದೆ. ಮೈಗೆ ತಾಗೋದು ಉಣ್ಣೆದೋ ಸಿಂಥೆಟಿಕ್ಕೋ ಇರಬೇಕು, ಅದರ ಮೇಲೆ ಫ್ಲೀಸೋ ಸ್ವೆಟರೋ, ಹೊರಗೆ ಗಾಳಿ ತಡೆಯೋ ದಪ್ಪ ಜಾಕೆಟ್ಟು ಪ್ಯಾಂಟು. ನಮ್ಮ ಕಂಬಳಿ ಕೊಪ್ಪೆ ಮಳೆಲಿ ಒದ್ದೆ ಆದ್ರೂ ಬೆಚ್ಚಗೆ ಇರ್ತದಲ್ಲ, ಅದೇ ಲೆಕ್ಕ. ಬೆರಳು ಬೆರಳಿಗೆ ಬೇರೆ ಇರೋ ಗ್ಲೌಸಿಗಿಂತ ನಾಲ್ಕು ಬೆರಳು ಒಟ್ಟಿಗೆ ಹೋಗೋ ಮಿಟನ್ ಒಳ್ಳೇದು. ಬೂಟು ಸ್ವಲ್ಪ ಸಡಿಲ ಇರಲಿ, ಬಿಗಿ ಆದ್ರೆ ಕಾಲು ಬೇಗ ತಣ್ಣಗಾಗ್ತದೆ. ಮಂಕಿ ಕ್ಯಾಪ್ ಮರೀಬೇಡಿ, ಅಲ್ಲಿ ಯಾರೂ ನಗೋದಿಲ್ಲ.

ಗಾಳಿ ಲೆಕ್ಕ ಒಂದು ತಲೇಲಿ ಇಟ್ಕೊಳ್ಳಿ. ಥರ್ಮಾಮೀಟರಲ್ಲಿ ಮೈನಸ್ 20 ಇದ್ದು 40 ಕಿಲೋಮೀಟರ್ ವೇಗದ ಗಾಳಿ ಮುಖಕ್ಕೆ ಹೊಡೆದ್ರೆ ಚರ್ಮಕ್ಕೆ ಅದು ಮೈನಸ್ 34ರ ಹಾಗೆ, ಗಾಡಿ ಮೇಲೆ ಹೋಗುವಾಗ ಆ ಗಾಳಿನ ನಾವೇ ಹುಟ್ಟಿಸ್ಕೊಳ್ತೇವೆ. ಅಂಥದ್ರಲ್ಲಿ ತೆರೆದಿಟ್ಟ ಚರ್ಮ ಹತ್ತರಿಂದ ಮೂವತ್ತು ನಿಮಿಷದಲ್ಲಿ ಮರಗಟ್ಟಬಹುದು. ಕಿವಿ ತುದಿ, ಮೂಗಿನ ತುದಿ ಬೆಳ್ಳಗಾಗಿ ಸ್ಪರ್ಶ ಇಲ್ದಂಗೆ ಆದ್ರೆ ತಿಕ್ಕಬಾರದು, ಒಲೆ ಹತ್ರನೂ ಹಿಡೀಬಾರದು, ಜೋಮು ಹಿಡಿದಿದ್ದಕ್ಕೆ ಸುಟ್ಟರೂ ಗೊತ್ತಾಗೋದಿಲ್ಲ. ಒಳಗೆ ಬಂದು, ಮಗುಗೆ ಸ್ನಾನ ಮಾಡಿಸೋವಷ್ಟು ಬೆಚ್ಚಗಿನ ನೀರು ಸಾಕು. ಗುಳ್ಳೆ ಎದ್ರೆ, ಸ್ಪರ್ಶ ವಾಪಸ್ ಬರದೇ ಇದ್ರೆ ಡಾಕ್ಟರು.

ಕಾಟೇಜ್ ತಲುಪಿದ ಮೇಲೆ

ತುಂಬಾ ಕಾಟೇಜಿಗೆ ಚಳಿಗಾಲದಲ್ಲಿ ರಸ್ತೆ ಇರೋದಿಲ್ಲ, ಅಂದ್ರೆ ರಸ್ತೆ ಇರ್ತದೆ, ಹಿಮ ತೆಗೆಯೋರು ಇರೋದಿಲ್ಲ. ಕಾರು ಮೇನ್ ರೋಡಲ್ಲಿ ಬಿಟ್ಟು ಸಾಮಾನೆಲ್ಲ ಪ್ಲಾಸ್ಟಿಕ್ ಸ್ಲೆಡ್ಡಿಗೆ ಹೇರಿ ಎಳ್ಕೊಂಡು ಹೋಗ್ಬೇಕು. ನಾನು ನೋಡಿ ನಗಾಡಿದೆ, ಚಿಕ್ಕವರಿದ್ದಾಗ ಅಡಕೆ ಹಾಳೆ ಮೇಲೆ ತಮ್ಮನನ್ನ ಕೂರಿಸಿ ತೋಟದ ದಾರಿಲಿ ಎಳೀತಿದ್ದೆ, ಈಗ ಅವನ ಮಗಳು ನನ್ನ ಅಕ್ಕಿಚೀಲ ಎಳೀತಾ ಇದ್ಲು.

ಮೊದಲ ಕೆಲಸ ಬೆಂಕಿ. ಅಲ್ಲಿ ಮೇಪಲ್ಲು, ಬರ್ಚು ಕಟ್ಟಿಗೆ, ಸೀಳಿ ಒಂದು ವರ್ಷ ಆದ್ರೂ ಒಣಗಿಸಿರಬೇಕು, ತೇವ 20 ಪರ್ಸೆಂಟಿಗಿಂತ ಕಡಿಮೆ. ಎರಡು ತುಂಡು ಒಂದಕ್ಕೊಂದು ಬಡಿದ್ರೆ ಟಣ್ ಅನ್ಬೇಕು, ಧಪ್ ಅಂದ್ರೆ ಹಸಿ, ಇದು ನಮಗೂ ಗೊತ್ತಿರೋದೇ. ತಗೊಳ್ಳುವಾಗ ಕಾರ್ಡ್ ಅಂತ ಅಳತೆ ಹೇಳ್ತಾರೆ, ಪೂರ್ತಿ ಕಾರ್ಡ್ ಅಂದ್ರೆ 4 ಅಡಿ ಎತ್ತರ, 4 ಅಡಿ ಅಗಲ, 8 ಅಡಿ ಉದ್ದ, 128 ಘನ ಅಡಿ. ಫೇಸ್ ಕಾರ್ಡ್ ಅಂದ್ರೆ ಅದರ ಮೂರನೇ ಒಂದು ಪಾಲು. ಯಾವುದು ಅಂತ ಕೇಳದೇ ದುಡ್ಡು ಕೊಡಬೇಡಿ.

ನಾನು ಮಾಡಿದ ದಡ್ಡತನ ಇಲ್ಲೇ ಹೇಳಿಬಿಡ್ತೇನೆ. ರಾತ್ರಿ ಪೂರ್ತಿ ಬೆಂಕಿ ಇರಲಿ ಅಂತ, ಬಚ್ಚಲ ಒಲೆ ಕೆಂಡಕ್ಕೆ ಬೂದಿ ಮುಚ್ಚೋ ಹಾಗೆ, ಒಲೆಯ ಗಾಳಿಕಿಂಡಿ ಪೂರ್ತಿ ಮುಚ್ಚಿ ಮಲಗಿದೆ. ಬೆಳಿಗ್ಗೆ ಒಲೆ ಗಾಜು ಟಾರು ಬಳಿದಂಗೆ ಕಪ್ಪು. ಹೊಗೆಯಾಡಿಸಿ ಉರಿಸಿದ್ರೆ ಕ್ರಿಯೋಸೋಟ್ ಅನ್ನೋ ಅಂಟು ಚಿಮಣಿ ಒಳಗೆ ಕಟ್ಕೊಳ್ತದೆ, ಅದು ಒಂದಿನ ಚಿಮಣಿ ಒಳಗೇ ಹೊತ್ಕೊಳ್ತದೆ. ಅದಕ್ಕೇ ಗಾಳಿ ಬಿಟ್ಟು ಚೆನ್ನಾಗಿ ಉರಿಸಬೇಕು, ಚಿಮಣಿ ವರ್ಷಕ್ಕೊಂದ್ಸಲ ಗುಡಿಸಬೇಕು. ಬೂದಿ ಮುಚ್ಚಳ ಇರೋ ಲೋಹದ ಬಕೆಟಿಗೆ ಹಾಕಿ ಮನೆ ಹೊರಗಿಡಿ, ಕೆಂಡ ಅದರೊಳಗೆ ದಿನಗಟ್ಟಲೆ ಬದುಕಿರ್ತದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಬಟನ್ ಒತ್ತಿ ನೋಡದೇ ಮಲಗಬೇಡಿ, ಆ ಗ್ಯಾಸಿಗೆ ವಾಸನೆನೂ ಇಲ್ಲ ಬಣ್ಣನೂ ಇಲ್ಲ.

ಅಡುಗೆದು ಜಾಸ್ತಿ ಹೇಳೋದಿಲ್ಲ. ದೋಸೆ ಹಿಟ್ಟು ಹೊರಗಿಟ್ರೆ ಎರಡು ದಿನ ಆದ್ರೂ ಹುಳಿ ಬರೋದಿಲ್ಲ, ಓವನ್ ಒಳಗಿನ ಲೈಟ್ ಮಾತ್ರ ಹಾಕಿ ಅದರೊಳಗೆ ಇಡಿ. ಕಷಾಯದ ಪುಡಿ ಒಂದು ಡಬ್ಬಿ ಬೇಕೇ ಬೇಕು.

ಇನ್ನು ಗಾಡಿ

ಸ್ನೋಮೊಬೈಲಿಗೆ ಮುಂದೆ ಎರಡು ಸ್ಕೀ, ಅಂದ್ರೆ ಹಿಮದ ಮೇಲೆ ಜಾರೋ ಪಟ್ಟಿ, ಹಿಂದೆ ರಬ್ಬರಿನ ಪಟ್ಟಿ, ಗೇರಿಲ್ಲದ ಸ್ಕೂಟರಿನ ಹಾಗೇ ಬೆಲ್ಟಿನ ಮೇಲೆ ಓಡ್ತದೆ. ಇದನ್ನ ಕಟ್ಟಿದವರಲ್ಲಿ ದೊಡ್ಡ ಹೆಸರು ಕ್ಯೂಬೆಕ್‌ನ ವಾಲ್ಕೂರ್ ಅನ್ನೋ ಊರಿನ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗನಿಗೆ ಅಪೆಂಡಿಕ್ಸ್ ಆಯ್ತು, ಹಿಮದಲ್ಲಿ ಆಸ್ಪತ್ರೆಗೆ ಒಯ್ಯೋಕೆ ದಾರಿ ಇರಲಿಲ್ಲ, ಮಗು ಉಳೀಲಿಲ್ಲ. ಅದಕ್ಕೂ ಮೊದಲೇ ಹಿಮದ ಗಾಡಿ ಮಾಡೋ ಹುಚ್ಚು ಅವರಿಗಿತ್ತು, 1937ರಲ್ಲಿ ಪೇಟೆಂಟ್ ಸಿಕ್ತು, ಏಳು ಜನ ಕೂರೋ ಬಿ7 ಗಾಡಿ ಡಾಕ್ಟರಿಗೆ, ಟಪಾಲಿಗೆ ಓಡಾಡ್ತು. ಈಗ ನಾವು ನೋಡೋ ಸಣ್ಣ ಸ್ಕೀ-ಡೂ ಬಂದಿದ್ದು 1959ರಲ್ಲಿ. ಇದನ್ನ ತಮ್ಮನ ಮಗಳು ಹೇಳುವಾಗ ನಂಗೆ ನೆನಪಾಗಿದ್ದು ನಮ್ಮ ಘಟ್ಟದ ಒಳಗಿನ ಹಳ್ಳಿಗಳದ್ದು, ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಕಾಯಿಲೆಯವರನ್ನ ಕಂಬಳಿ ಜೋಲಿಲಿ ಹೊತ್ಕೊಂಡು ಟಾರು ರೋಡಿನವರೆಗೆ ಬರೋದು. ಅದಕ್ಕೆ ಇವತ್ತಿಗೂ ಯಾರೂ ಗಾಡಿ ಕಂಡುಹಿಡಿದಿಲ್ಲ.

ಬಾಡಿಗೆ ಅಂಗಡಿಲಿ ಮೊದಲ ದಿನ ಗೈಡ್ ಜೊತೆಗೇ ಹೋಗಿ. ನಿಮ್ಮ ಲೈಸೆನ್ಸ್ ನಡೀತದಾ, ಇನ್ಶೂರೆನ್ಸ್ ಇದೆಯಾ, ಟ್ರೇಲ್ ಅಂದ್ರೆ ಈ ಗಾಡಿ ಓಡಿಸೋ ಹಿಮದ ದಾರಿ, ಅದರ ಪರ್ಮಿಟ್ ಇದೆಯಾ ಮೂರೂ ಕೇಳಿ. ಹೆಲ್ಮೆಟ್ ಕಡ್ಡಾಯ. ಒಂಟಾರಿಯೋದ ಟ್ರೇಲಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದ ಮಿತಿ, ಕುಡಿದು ಓಡಿಸಿ ಸಿಕ್ಕಿಬಿದ್ರೆ ಕಾರಿನ ಲೈಸೆನ್ಸೂ ಹೋಗ್ತದೆ.

ಸ್ಟಾರ್ಟ್ ಮಾಡೋ ಮೊದಲು ಸ್ಕೀ ಹಿಡಿದು ಆಚೆ ಈಚೆ ಅಲ್ಲಾಡಿಸಿ, ರಾತ್ರಿ ನೆಲಕ್ಕೆ ಹೆಪ್ಪುಗಟ್ಟಿ ಅಂಟಿರ್ತದೆ. ಕೆಂಪು ಹಗ್ಗದ ಕೊಕ್ಕೆ ಒಂದು ಇರ್ತದೆ, ಅದನ್ನ ಜಾಕೆಟ್ಟಿಗೆ ಸಿಕ್ಕಿಸಿ, ನೀವು ಬಿದ್ರೆ ಅದು ಕಿತ್ಕೊಂಡು ಇಂಜಿನ್ ಬಂದ್ ಆಗ್ತದೆ. ಎರಡು ನಿಮಿಷ ಇಂಜಿನ್ ಬಿಸಿ ಆಗ್ಲಿ. ಎಕ್ಸಲೇಟರ್ ಬಲಗೈ ಹೆಬ್ಬೆರಳಲ್ಲಿ ಒತ್ತೋದು, ನಾನು ಐದು ನಿಮಿಷ ಹಿಡಿಕೆ ತಿರುಚ್ತಾನೇ ಇದ್ದೆ ಗಾಡಿ ಮಿಸುಕಲಿಲ್ಲ. ಬ್ರೇಕ್ ಎಡಗೈಲಿ. ತಿರುವಲ್ಲಿ ಮೈಯನ್ನ ಒಳಗಡೆಗೆ ವಾಲಿಸಿ, ಮತ್ತೆ ಮುಖ್ಯವಾಗಿ ಕೆಸರಲ್ಲಿ ಬೈಕ್ ಜಾರುವಾಗ ಕಾಲು ಊರ್ತೇವಲ್ಲ ಆ ಅಭ್ಯಾಸ ಇಲ್ಲಿ ಕಾಲು ಮುರಿಸ್ತದೆ. ಹಿಂದಿಂದ ತಮ್ಮನ ಮಗಳು "ದೊಡ್ಡಪ್ಪಾ, ಕಾಲು ಕೆಳಗೆ ಇಡಡ (ಇಡಬೇಡ)!" ಅಂತ ಕೂಗಿದ್ದು ಹೆಲ್ಮೆಟ್ ಒಳಗೂ ಕೇಳ್ತು.

ಪುಡಿ ಹಿಮದಲ್ಲಿ ಹುಗಿದ್ರೆ ಎಕ್ಸಲೇಟರ್ ಒತ್ತಿದಷ್ಟೂ ಕೆಳಗೆ ಹೋಗ್ತದೆ, ಜೂನಲ್ಲಿ ಜೀಪು ಗದ್ದೆದಾರಿಲಿ ಹೂತ ಹಾಗೆ. ಇಳಿದು, ಮುಂದಿನ ಹಿಮ ಕಾಲಲ್ಲಿ ತುಳಿದು ಗಟ್ಟಿ ಮಾಡಿ, ಒಬ್ಬರು ಸ್ಕೀ ಎಳೀತಾ ಇನ್ನೊಬ್ಬರು ಮೆಲ್ಲಗೆ ಒತ್ತಬೇಕು. ಪೆಟ್ರೋಲು ಹೋಗೋಕೆ ಒಂದು ಪಾಲು, ಬರೋಕೆ ಒಂದು, ಕೈಯಲ್ಲಿ ಒಂದು ಅಂತ ಮೂರು ಪಾಲು ಮಾಡ್ಕೊಳ್ಳಿ. ಒಬ್ಬರೇ ಹೋಗಬೇಡಿ.

ಕೆರೆ ದಾಟೋ ವಿಷಯ

ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ಹೆಪ್ಪುಗಟ್ಟಿದ ಕೆರೆ ಕಂಡ್ರೆ ಕಾರವಾರದ ಕಡಲತೀರದ ಹಾಗೆ ಚಪ್ಪಟೆ, ಬೆಳ್ಳಗೆ, ಕರೀತಾ ಇರ್ತದೆ. ತಿಳಿಯಾದ ನೀಲಿ ಬಣ್ಣದ ಗಟ್ಟಿ ಮಂಜುಗಡ್ಡೆ ಆದ್ರೆ ನಡೆಯೋಕೆ ಕಡಿಮೆ ಅಂದ್ರೂ 4 ಇಂಚು, ಗಾಡಿಗೆ 5ರಿಂದ 7 ಇಂಚು, ಕಾರಿಗೆ 8ರಿಂದ 12 ಇಂಚು ಅಂತ ಲೆಕ್ಕ. ಹಿಮ ಬೆರೆತ ಬಿಳಿ ಗಡ್ಡೆಗೆ ಅದರರ್ಧ ಬಲ, ಅದಕ್ಕೆ ದುಪ್ಪಟ್ಟು ದಪ್ಪ ಬೇಕು. ಬೈರಿಗೆಯಲ್ಲಿ ತೂತು ಹೊಡೆದು ಅಳೀತಾರೆ, ಅದೂ ಒಂದೇ ಕಡೆ ಅಲ್ಲ, ಯಾಕಂದ್ರೆ ಹಳ್ಳ ಬಂದು ಸೇರೋ ಕಡೆ, ಸೇತುವೆ ಅಡಿ, ಎರಡು ದಡ ಹತ್ರ ಬರೋ ಕಡೆ ನೀರು ಒಳಗೆ ಹರೀತಾ ಇರ್ತದೆ, ಅಲ್ಲೆಲ್ಲ ತೆಳು. ಅಡಕೆ ಮರದ ಸಂಕ, ಅಂದ್ರೆ ಕಾಲುಸೇತುವೆ, ಮೇಲಿಂದ ನೋಡಿದ್ರೆ ಗಟ್ಟಿನೇ, ಕುಂಬಾಗಿರೋದು ಅಡಿಯಿಂದ, ಹಾಗೇ ಇದು. ಊರಿನವರನ್ನ ಕೇಳಿ, ಅವರು ಬೇಡ ಅಂದ್ರೆ ಬೇಡ.

ಕುತ್ತಿಗೆಗೆ ಐಸ್ ಪಿಕ್ ಅಂತ ಎರಡು ಮೊಳೆ ಹಿಡಿಕೆ ನೇತುಹಾಕ್ಕೊಳ್ತಾರೆ. ಗಡ್ಡೆ ಒಡೆದು ನೀರಿಗೆ ಬಿದ್ರೆ ಬಂದ ದಿಕ್ಕಿಗೇ ತಿರುಗಿ, ಆ ಕಡೆ ಗಡ್ಡೆ ನಿಮ್ಮನ್ನ ಹೊತ್ತಿತ್ತಲ್ಲ. ಮೊಳೆ ಚುಚ್ಚಿ, ಕಾಲು ಬಡೀತಾ ಹೊಟ್ಟೆ ಮೇಲೆ ಹತ್ತಿ, ಹತ್ತಿದ ಮೇಲೆ ಎದ್ದು ನಿಲ್ಲಬೇಡಿ, ಉರುಳ್ಕೊಂಡೇ ದೂರ ಬನ್ನಿ.

ಅಷ್ಟು ದೂರ ಯಾರು ಹೋಗ್ತಾರೆ ಅನ್ನೋರಿಗೆ ಗುಲ್ಮಾರ್ಗ್ ಇದೆ. ಡಿಸೆಂಬರ್ 21ರಿಂದ ನಲವತ್ತು ದಿನ ಕಾಶ್ಮೀರದವರ ಚಿಲ್ಲೈ ಕಲಾನ್, ಕಡುಚಳಿ. ಅಲ್ಲೂ ಸ್ನೋ ಸ್ಕೂಟರ್ ಬಾಡಿಗೆಗೆ ಸಿಗ್ತದೆ, ಗಾಡಿ ಹತ್ತೋ ಮೊದಲೇ ರೇಟು ಮಾತಾಡಿ. ಕೆಳಗಿನ ಟಂಗ್‌ಮಾರ್ಗ್ ಊರಿಂದ ಗುಲ್ಮಾರ್ಗಿಗೆ ಹತ್ತೋಕೆ ಚಕ್ರಕ್ಕೆ ಚೈನ್ ಹಾಕಿದ ಗಾಡಿ ಬೇಕಾಗ್ತದೆ. ಫಿರನ್ ಅನ್ನೋ ದೊಗಲೆ ಅಂಗಿ ಒಳಗೆ ಕಾಂಗ್ಡಿ ಅನ್ನೋ ಬುಟ್ಟಿ-ಮಡಕೆಲಿ ಕೆಂಡ ಇಟ್ಕೊಂಡು ಓಡಾಡೋದು ಅವರಿಗೆ ಬರ್ತದೆ, ನಾವು ಅದನ್ನ ಮುಚ್ಚಿದ ರೂಮಲ್ಲಿ ಇಟ್ಕೊಂಡು ಮಲಗೋಕೆ ಹೋಗಬಾರದು.

ಹೊರಡೋ ದಿನ

ನೀರು ಹೆಪ್ಪುಗಟ್ಟಿದ್ರೆ ಒಂಬತ್ತು ಪರ್ಸೆಂಟ್ ಹಿಗ್ತದೆ, ಪೈಪು ಒಡೆಯೋದು ಅದಕ್ಕೇ. ಪಂಪ್ ಬಂದ್ ಮಾಡಿ, ನಲ್ಲಿ ಎಲ್ಲ ತೆರೆದು ಖಾಲಿ ಮಾಡಿ, ಸಿಂಕು ಕಮೋಡಿನ ಬಗ್ಗಿದ ಪೈಪಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ಸುರೀಬೇಕು. ಕಾರಿಗೆ ಹಾಕೋದಲ್ಲ, ಅದು ವಿಷ, ನೀರಿನ ಪೈಪಿಗೆ ಅಂತಲೇ ಬೇರೆ ಬರ್ತದೆ. ಚಕ್ಕೆ ಕಟ್ಟಿಗೆ ಒಂದು ಹೊರೆ ಒಲೆ ಪಕ್ಕ ಇಟ್ಟು ಬನ್ನಿ, ನಾವು ಹೋದಾಗಲೂ ಯಾರೋ ಇಟ್ಟಿದ್ರು. ಆಮೇಲೆ ಬೀಗ. ಹೆಪ್ಪುಗಟ್ಟಿ ಕೀಲಿಕೈ ಒಳಗೆ ಹೋಗದೇ ಇದ್ರೆ ಬಾಯಿಂದ ಊದಬೇಡಿ, ಉಸಿರಿನ ತೇವಕ್ಕೆ ಇನ್ನೂ ಕಟ್ಕೊಳ್ತದೆ, ತುಟಿ ತಾಗಿದ್ರೆ ಅದೂ ಅಂಟ್ಕೊಳ್ತದೆ. ಕೀಲಿಕೈನೇ ಲೈಟರಲ್ಲಿ ಬಿಸಿ ಮಾಡಿ, ಮಿಟನ್ ತೆಗೀದೇ ಹಿಡ್ಕೊಂಡು ಮೆಲ್ಲಗೆ ಒಳಗೆ ಬಿಡಿ.